ದಾರಕ್ಕೆ ಏರದ ಪಕ್ಕೆಗಳು

ತಣ್ಣಗಿತ್ತೋ, ಇಲ್ಲವೋ? ಇನ್ನೊಮ್ಮೆ ಮುಟ್ಟಿಸಿ ನೋಡಿದರೆ ತಿಳಿದೇ ಬಿಡುತ್ತದೆ, ತಿಳಿದ ಮೇಲೆ ಏನಾದರೂ ಮಾಡಬೇಕಾಗುತ್ತದೆ. ಹೀಗೆಂದುಕೊಂಡು ದೊಡ್ಡಳಿಯ ಕೈಯಲ್ಲಿದ್ದ ಮರದ ಪಟ್ಟಿಯನ್ನು ತುಟಿಯಿಂದ ಒಂದು ಗೇಣು ದೂರ ಹಿಡಿದು ನಿಂತಿದ್ದ. ಬೆಳಗ್ಗೆಯಿಂದ ನೀರು ಕುಡಿದಿರಲಿಲ್ಲ, ಒಣಗಿದ ತುಟಿಗೆ ಎಲ್ಲವೂ ತಣ್ಣಗೇ ಹತ್ತಬಹುದು. ಅಥವಾ ಷಡ್ಡಕನ ಕೆಲಸದಲ್ಲಿ ಒಂದಾದರೂ ಹುಳುಕು ಸಿಗಲಿ ಎಂದು ವಾರದಿಂದ ಒಳಗೊಳಗೇ ಹಾರೈಸುತ್ತಿರುವ ಮನಸ್ಸೇ ತುಟಿಗೆ ಹಾಗೆ ಹೇಳಿಕೊಟ್ಟಿರಬಹುದು. ಹೊಟ್ಟೆಕಿಚ್ಚಿನವನ ತುಟಿಯನ್ನು ನಂಬುವುದು ಹೇಗೆ?

ಮರ ಒಣಗಿದೆಯೇ ಎಂದು ನೋಡಲು ಆ ಅಂಗಡಿಯಲ್ಲಿ ತುಟಿಗಿಂತ ದೊಡ್ಡ ಉಪಕರಣವಿರಲಿಲ್ಲ. ಒಣಗಿದ ಮರ ಮೇಲ್ತುಟಿಗೆ ಬೆಚ್ಚಗಿರುತ್ತದೆ. ಒಳಗೆ ನೀರು ಉಳಿದದ್ದು, ಕಣ್ಣಿಗೆ ಎಷ್ಟೇ ಒಣಗಿದಂತೆ ಕಂಡರೂ, ತಣ್ಣಗಿರುತ್ತದೆ. ಇದನ್ನು ಹತ್ತೊಂಬತ್ತು ವರ್ಷದ ಹಿಂದೆ ಮಾವ ಅವನಿಗೆ ಹೇಳಿಕೊಟ್ಟಿದ್ದರು. ಆಗ ಅವರಿನ್ನೂ ಮಾವ ಆಗಿರಲಿಲ್ಲ, ಬರೀ ಯಜಮಾನರಾಗಿದ್ದರು.

ಅಲ್ಲಿ ಮಾಡುತ್ತಿದ್ದದ್ದು ಲ್ಯೂಟ್ ಎಂಬ ತಂತಿವಾದ್ಯ. ಅದರ ಬೆನ್ನನ್ನು ದಿಮ್ಮಿಯಲ್ಲಿ ಕೊರೆಯುವುದಿಲ್ಲ. ರಟ್ಟಿಗಿಂತ ತೆಳುವಾದ ಹನ್ನೊಂದು ಪಟ್ಟಿಗಳನ್ನು ನೀರಿನಲ್ಲಿ ನೆನೆಸಿ, ಕಾದ ಕಬ್ಬಿಣದ ಕೊಳವೆಯ ಮೇಲೆ ಬಾಗಿಸಿ, ಅಂಚು ಕೀಸಿ, ಮರದ ಅಚ್ಚಿನ ಮೇಲೆ ಒಂದರ ಪಕ್ಕಕ್ಕೊಂದು ಅಂಟಿಸುತ್ತ ಹೋದರೆ, ಉದ್ದಕ್ಕೆ ಸೀಳಿದ ಬದನೆಕಾಯಿಯಂಥ ಒಂದು ಹೊಟ್ಟೆ ಮೂಡುತ್ತದೆ. ಆ ಪಟ್ಟಿಗಳಿಗೆ ಪಕ್ಕೆ ಎಂದೇ ಹೆಸರು. ಎಲ್ಲಕ್ಕಿಂತ ಮೊದಲು ಅಚ್ಚಿನ ನಟ್ಟನಡುವೆ ಕೂರುವುದು ನಡುಪಕ್ಕೆ. ಅದು ಕೂದಲೆಳೆಯಷ್ಟು ಓರೆಯಾದರೆ ಉಳಿದ ಹತ್ತೂ ಓರೆ. ಅದಕ್ಕೇ ಆ ಅಂಗಡಿಯಲ್ಲಿ ನಡುಪಕ್ಕೆಯನ್ನು ಯಜಮಾನನಲ್ಲದೆ ಬೇರೆಯವರು ಬಾಗಿಸಿದ್ದಿಲ್ಲ. ಮಾವನಿಗೆ ಅದು ಅವರ ಅಪ್ಪನಿಂದ ಬಂದಿತ್ತು. ಯಾರ ಕೈಗೆ ನಡುಪಕ್ಕೆಯೋ ಅವರ ಕೈಗೆ ಅಂಗಡಿ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಆ ನಡುಪಕ್ಕೆ ಈ ಸಲ ಬೆತ್ತದವನ ಕೈಗೆ ಹೋಗಿತ್ತು.

ಬೆತ್ತದವನೆಂದರೆ ಮನೆಯ ಚಿಕ್ಕಳಿಯ, ಹೆಂಡತಿಯ ತಂಗಿಯ ಗಂಡ. ಎರಡು ಬೀದಿ ಆಚೆ ಬೆತ್ತದ ಕುರ್ಚಿ ಹೆಣೆದು ಮಾರುತ್ತಿದ್ದ. ಪ್ಲಾಸ್ಟಿಕ್ ಕುರ್ಚಿ ಬಂದ ಮೇಲೆ ಬಾಗಿಲು ಹಾಕಿ, ಎರಡು ವರ್ಷದ ಹಿಂದೆ ಒಂದು ಬೆಳಗ್ಗೆ ಕೈಬೀಸಿಕೊಂಡು ಇಲ್ಲಿಗೆ ಬಂದ. "ಮಾವ, ನಾನು ಊರಿಗೆಲ್ಲ ಕೂರೋಕೆ ಜಾಗ ಮಾಡಿಕೊಟ್ಟೆ, ಊರಿನವರು ನನಗೇ ಕೂರೋಕೆ ಜಾಗ ಇಲ್ದಂಗೆ ಮಾಡಿದ್ರು," ಎಂದು ಹೊಸ್ತಿಲಲ್ಲೇ ನಿಂತು ಹೇಳಿದ್ದ. ಮಾವ ನಕ್ಕಿದ್ದರು. ಮಾವ ನಗುವಾಗ ಮೇಲಿನ ಸಾಲಿನಲ್ಲಿ ಒಂದು ಹಲ್ಲು ಇಲ್ಲದಿರುವುದು ಕಾಣುತ್ತದೆ ಎಂದು ದೊಡ್ಡಳಿಯನಿಗೆ ಗೊತ್ತಾದದ್ದು ಅವತ್ತೇ.

ಮಾತಿನ ಮಲ್ಲ ಎಂದು ತಳ್ಳಿಹಾಕಬಹುದಿತ್ತು, ಕೈಯೂ ಹಾಗೇ ಇಲ್ಲದಿದ್ದರೆ. ಅವನ ಹೆಬ್ಬೆರಳುಗಳು ಗಿಡ್ಡಗೆ, ಅಗಲಕ್ಕೆ ಇದ್ದವು. ಇಪ್ಪತ್ತು ವರ್ಷ ಬೆತ್ತ ಒತ್ತಿ ಒತ್ತಿ ಅವಕ್ಕೆ ಬೇರೆಯದೇ ಒಂದು ಬುದ್ಧಿ ಬಂದಿತ್ತು. ಪಟ್ಟಿಯನ್ನು ಕೊಳವೆಯ ಮೇಲಿಟ್ಟು, ನೀರು ಚುರ್ ಎನ್ನುವಾಗ ಎರಡೂ ಹೆಬ್ಬೆರಳಿಂದ ಒತ್ತಿದರೆ, ಮರ ನಿದ್ದೆಯಲ್ಲಿ ಮಗ್ಗುಲು ಬದಲಿಸುವವರ ಹಾಗೆ ಸುಮ್ಮನೆ ಬಾಗುತ್ತಿತ್ತು. ದೊಡ್ಡಳಿಯ ತನ್ನ ಮೊದಲ ಪಕ್ಕೆ ಸರಿಯಾಗುವ ಹೊತ್ತಿಗೆ ನಲವತ್ತು ಮುರಿದಿದ್ದ. ಬೆತ್ತದವನು ಮುರಿದದ್ದು ಮೂರು. ನಾಲ್ಕನೆಯದನ್ನು ಮಾವ ಕಿಟಕಿಗೆ ಹಿಡಿದು, ತಿರುಗಿಸಿ, ಮತ್ತೆ ತಿರುಗಿಸಿ ನೋಡಿ, "ಇದೆಲ್ಲಿ ಕಲಿತಿರಿ ನೀವು?" ಎಂದು ಕೇಳಿದ್ದರು. ಆ ದನಿ ದೊಡ್ಡಳಿಯನಿಗೆ ಹೊಸದು.

ಆ 'ನೀವು' ಕೂಡ ಹೊಸದು. ದೊಡ್ಡಳಿಯನಿಗೆ ಮದುವೆಯ ಮಾರನೆಯ ದಿನವೂ "ಲೋ, ಅಂಟು ತಳ ಹಿಡೀತಿದೆ ನೋಡೋ" ಎಂದವರು ಚಿಕ್ಕವನನ್ನು "ಬನ್ನಿ ಅಳಿಯಂದ್ರೇ, ಕೂತ್ಕೊಳ್ಳಿ" ಎನ್ನುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ ಎಂದು ಅವನು ಸಮಾಧಾನ ಹೇಳಿಕೊಂಡ. ಆದರೆ ಐದಾರು ತಿಂಗಳಲ್ಲಿ 'ಬನ್ನಿ' ಹೋಗಿ 'ಬಾರೋ' ಬಂತು, ಮತ್ತು ಅದು ಇನ್ನೂ ಆಳಕ್ಕೆ ಚುಚ್ಚಿತು. ಇಷ್ಟು ವರ್ಷ ಅವಮಾನವೆಂದು ನುಂಗಿಕೊಂಡ ಆ 'ಲೋ' ತನ್ನೊಬ್ಬನ ಸ್ವತ್ತಾಗಿತ್ತು ಎಂದು ಅದು ಪಾಲಾದ ದಿನ ಅವನಿಗೆ ತಿಳಿಯಿತು.

ಆ ದಿನಗಳಲ್ಲೇ ನಡೆದ ಒಂದು ಸಣ್ಣ ಮಾತು ಉಂಟು. ಬಾಗಿಸಿದ ಪಕ್ಕೆಯನ್ನು ತಕ್ಷಣ ಅಂಟಿಸುವಂತಿಲ್ಲ. ನೀರು ಕುಡಿದ ಮರ ಅಡ್ಡಕ್ಕೆ ಉಬ್ಬಿರುತ್ತದೆ. ಹಾಗೆಯೇ ಅಂಟಿಸಿದರೆ ಆಗ ಬಿಗಿಯಾಗಿ ಕೂತಂತೆ ಕಂಡರೂ, ಒಣಗುತ್ತ ಕುಗ್ಗಿ, ತಿಂಗಳೆರಡು ತಿಂಗಳಲ್ಲಿ ಜೋಡಣೆ ಬಾಯಿಬಿಡುತ್ತದೆ. ಅದಕ್ಕಾಗಿ ಪಕ್ಕೆಯ ತುದಿಯಿಂದ ತುದಿಗೆ ನೂಲು ಕಟ್ಟಿ, ಬಿಲ್ಲಿನ ಹಾಗೆ ಮಾಡಿ, ಸೂರಿನ ಕೆಳಗಿನ ದಾರಕ್ಕೆ ತೂಗುಹಾಕಬೇಕು. ಎರಡು ದಿನ, ಮೋಡವಿದ್ದರೆ ಮೂರು. ಚಿಕ್ಕವನು ಬಾಗಿಸಿಟ್ಟದ್ದನ್ನು ದಾರಕ್ಕೇರಿಸುವುದು, ಇಳಿಸುವುದು, ತುಟಿಗೆ ಮುಟ್ಟಿಸಿ ನೋಡುವುದು, ಅಚ್ಚಿಗೆ ಕೂರಿಸುವುದು ದೊಡ್ಡಳಿಯನ ಪಾಲಿನ ಕೆಲಸವಾಗಿತ್ತು.

"ಅಣ್ಣ, ಇವನ್ನ ಯಾಕೆ ಒಗೆದ ಬಟ್ಟೆ ತರ ದಾರಕ್ಕೆ ಹಾಕ್ತೀರಾ?" ಎಂದು ಬೆತ್ತದವನು ಒಮ್ಮೆ ಕೇಳಿದ್ದ.

ಅರ್ಧ ಗಂಟೆಯ ಹಿಂದಷ್ಟೇ ಮಾವ ಅವನ ಯಾವುದೋ ಮಾತಿಗೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದರು.

"ಮೇಜಿನ ಮೇಲೆ ಜಾಗ ಎಲ್ಲಿದೆ? ಕಾಣಲ್ವಾ," ಎಂದಿದ್ದ ದೊಡ್ಡಳಿಯ.

"ಅಯ್ಯೋ, ಅಷ್ಟೇನಾ. ನಾನೇನೋ ದೊಡ್ಡ ಶಾಸ್ತ್ರ ಅಂದ್ಕೊಂಡಿದ್ದೆ."

ಅದು ಸುಳ್ಳು ಎಂದು ಹೇಳುವಾಗ ಅನಿಸಿರಲಿಲ್ಲ. ಮೇಜಿನ ಮೇಲೆ ನಿಜವಾಗಿಯೂ ಜಾಗವಿರಲಿಲ್ಲ. ಆಮೇಲೆ ತಿದ್ದಿ ಹೇಳಬಹುದಿತ್ತು. ದಿನ ಕಳೆದಂತೆ, ಎಲ್ಲ ಕಲಿತುಬಿಟ್ಟಿದ್ದಾನೆ ಎಂದು ಮನೆಮಂದಿಯೆಲ್ಲ ಹೊಗಳುವ ಆ ಮನುಷ್ಯನಿಗೆ ತಿಳಿಯದ್ದು ಒಂದಾದರೂ ತನ್ನ ಬಳಿ ಇದೆ ಎಂಬುದು ದೊಡ್ಡಳಿಯನಿಗೆ ಜೇಬಿನಲ್ಲಿಟ್ಟುಕೊಂಡ ಬೆಚ್ಚಗಿನ ಕಲ್ಲಿನಂತಾಯಿತು.

ಈ ವಾದ್ಯ ಬೇಕೆಂದು ಬಂದವರು ಒಬ್ಬ ವಾದಕಿ. ಐವತ್ತು ದಾಟಿದವರು, ನೆಟ್ಟಗೆ ಕೂರುವವರು, ಒಂದು ಮಾತಿಗೆ ಎರಡು ಸಲ ಕೆಮ್ಮುವವರು. ಕುರ್ಚಿಯ ತುದಿಯಲ್ಲಿ ಕೂತು ತಮಗೆ ಬೇಕಾದ ದನಿಯನ್ನು ಕೈಯಲ್ಲಿ ತೂಗಿ ತೋರಿಸಿ ಹೋದರು. ಅವರು ಹೋದ ಮೇಲೆ ಮಾವ ಗೂಡಿನಿಂದ ಆಕ್ರೋಟ ಮರದ ಪಟ್ಟಿಗಳನ್ನು ಇಳಿಸಿದರು. ಅವರ ಕೈ ಒಂದು ವರ್ಷದಿಂದ ನಡುಗುತ್ತಿತ್ತು. ಕಣ್ಣಿನ ಮುಂದೆ ಮಂಜು ಕಟ್ಟಿದ ಹಾಗಿದೆ ಎನ್ನುತ್ತಿದ್ದರು. ಹನ್ನೊಂದು ಪಟ್ಟಿಗಳನ್ನೂ ಎಣಿಸಿ, ಕಟ್ಟು ಕಟ್ಟಿ, ಒಂದು ಗಳಿಗೆ ಇಬ್ಬರು ಅಳಿಯಂದಿರ ನಡುವೆ ಹಾಗೇ ಹಿಡಿದಿದ್ದರು. ದೊಡ್ಡಳಿಯ ಏಪ್ರನ್ನಿಗೆ ಕೈ ಒರೆಸಿಕೊಂಡ.

"ಹೊಟ್ಟೆ ಪೂರಾ ಈ ಸಲ ನೀನು ಮಾಡೋ," ಎಂದರು, ಬೆತ್ತದವನಿಗೆ. "ನಡುಪಕ್ಕೆಯಿಂದ ಹಿಡಿದು. ಅಂಟು ನಾನು ಕಾಯಿಸಿ ಕೊಡ್ತೀನಿ." ಆಮೇಲೆ ಇವನ ಕಡೆ ತಿರುಗಿ, "ನಿನ್ನ ಕೈ ಗಟ್ಟಿ. ಕತ್ತು ನೀನು ನೋಡ್ಕೋ," ಎಂದರು.

ಒರೆಸಿಕೊಂಡ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಅವನು ಇನ್ನೊಮ್ಮೆ ಒರೆಸಿಕೊಂಡ.

ಮಧ್ಯಾಹ್ನ ಮಹಡಿಯಲ್ಲಿ ಹೆಂಡತಿ ಬಟ್ಟೆ ಮಡಿಸುತ್ತಿದ್ದಳು. "ಏನ್ರೀ, ಮುಖ ಇಂಗು ತಿಂದ ಮಂಗನ ತರ ಆಗಿದೆ?"

"ನಿಮ್ಮಪ್ಪ ಹೊಟ್ಟೆ ಅವನಿಗೆ ಕೊಟ್ಟರು."

"ನಿಮಗೆ?"

"ಕತ್ತು."

"ಕತ್ತಿಲ್ಲದ ಹೊಟ್ಟೆ ತಗೊಂಡು ಯಾರೇನು ಮಾಡ್ತಾರೆ? ಎರಡೂ ಬೇಕು ತಾನೆ."

"ನಿನಗೆ ಅರ್ಥ ಆಗಲ್ಲ."

"ಆಗುತ್ತೆ. ಹೊಟ್ಟೆ ಅವರು ಮಾಡ್ತಾರೆ, ಹೊಟ್ಟೆಕಿಚ್ಚು ನೀವು ಮಾಡ್ತೀರಾ. ಮನೆಗೆಲಸ ಸಮವಾಗಿ ಹಂಚಿಕೆಯಾಯ್ತು." ನಕ್ಕಳು. ಗಂಡ ನಗದಿದ್ದುದನ್ನು ಕಂಡು ಒಂದು ಅಂಗಿಯನ್ನು ಮಡಿಸಿದ್ದು ಬಿಚ್ಚಿ ಮತ್ತೆ ಮಡಿಸಿದಳು. "ಅಪ್ಪನ್ನ ಕೇಳಿಬಿಡಿ ನೇರವಾಗಿ, ಯಾಕೆ ಅಂತ. ಕೇಳಿದ್ರೆ ನಾಲಗೆ ಸವೆಯುತ್ತಾ?"

ಅವನು ಕೇಳಲಿಲ್ಲ. ಕೇಳಿ ಪಡೆದದ್ದು ಕೊಟ್ಟದ್ದಕ್ಕೆ ಸಮವಲ್ಲ ಎಂದು ಅವನ ಲೆಕ್ಕ. ಹತ್ತೊಂಬತ್ತು ವರ್ಷ ಅವನು ಮಾವನಿಂದ ಏನನ್ನೂ ಕೇಳಿರಲಿಲ್ಲ. ಆ ಕೇಳದಿರುವಿಕೆಯನ್ನು ಅವರು ಒಂದು ದಿನ ಗಮನಿಸುತ್ತಾರೆ ಎಂದು ಕಾಯುತ್ತಿದ್ದ.

ಈಗ, ಅಂಟಿಸುವ ಕೆಲಸ ಶುರುವಾದ ಮೂರನೆಯ ದಿನ, ಷಡ್ಡಕ ಊಟಕ್ಕೆ ಮಹಡಿ ಹತ್ತಿದ್ದಾಗ, ಅವನು ಹಿಂದಿನ ಕೋಣೆಯಲ್ಲಿ ಐದನೆಯ ಪಕ್ಕೆಯನ್ನು ಹಿಡಿದು ನಿಂತಿದ್ದ. ಸೂರಿನ ಕೆಳಗಿನ ದಾರ ಬರಿದಾಗಿತ್ತು. ಬೆಳಗ್ಗೆ ಬಾಗಿಸಿದ್ದನ್ನು ಬೆತ್ತದವನು ಮಧ್ಯಾಹ್ನವೇ ಕೂರಿಸುತ್ತಿದ್ದ. ಮೇಜಿನ ಮೇಲೆ ಈಗ ಬೇಕಾದಷ್ಟು ಜಾಗವಿತ್ತಲ್ಲ, ಇದೊಂದೇ ಕೆಲಸವಿತ್ತಲ್ಲ. ಮಾವನಿಗೆ ಇದು ತಿಳಿಯುವಂತಿರಲಿಲ್ಲ. ಕೊಳವೆ, ಅಚ್ಚು ಹಿಂದಿನ ಕೋಣೆಯಲ್ಲಿ, ಅಂಟಿನ ಒಲೆ ಮುಂದಿನ ಕೋಣೆಯಲ್ಲಿ. ಕರೆದಾಗ ಪಾತ್ರೆ ಹಿಡಿದು ಬರುತ್ತಿದ್ದರು, ಹೋಗುತ್ತಿದ್ದರು. ಪಕ್ಕೆಗಳೆಲ್ಲ ಹೋದ ವಾರವೇ ಬಾಗಿ, ಒಣಗಿ ಕೂತಿವೆ ಎಂದುಕೊಂಡಿದ್ದರು.

ಅವನು ಮತ್ತೆ ತುಟಿಗೆ ಮುಟ್ಟಿಸಿದ. ಈ ಸಲ ಕಣ್ಣು ಮುಚ್ಚಿ.

ತಣ್ಣಗಿತ್ತು.

ಮೆಟ್ಟಿಲ ಮೇಲೆ ಸದ್ದಾಯಿತು. ಪಕ್ಕೆಯನ್ನು ಇದ್ದಲ್ಲೇ ಇಟ್ಟು ತಾನು ಕೆತ್ತುತ್ತಿದ್ದ ವಾದ್ಯದ ಕತ್ತಿನ ಮೇಲೆ ಬಾಗಿದ. ಬೆತ್ತದವನು ಕೈ ಒರೆಸುತ್ತ ಒಳಬಂದು, ಕೀಸುಳಿಯನ್ನು ಬುಡಮೇಲಾಗಿ ಮೇಜಿನ ಇಕ್ಕಳಕ್ಕೆ ಸಿಕ್ಕಿಸಿ, ಪಕ್ಕೆಯ ಅಂಚನ್ನು ಅದರ ಮೇಲೆ ಎರಡು ಸಲ ಎಳೆದ. ತೆಳ್ಳನೆಯ ಸುರುಳಿ ಉದುರಿತು. ಒಣಗಿದ ಮರದ ಸುರುಳಿ ಬಿದ್ದಾಗ ಕಟಕ್ ಎನ್ನುತ್ತದೆ. ಇದು ಸದ್ದಿಲ್ಲದೆ ಬಿತ್ತು.

"ಅಣ್ಣ, ನಿಮಗೊಂದು ಗುಟ್ಟು ಹೇಳ್ಲಾ?" ಎಂದ ಬೆತ್ತದವನು. "ಬೆತ್ತವನ್ನ ಹಸಿ ಇದ್ದಾಗಲೇ ಹೆಣೀಬೇಕು. ಒಣಗ್ತಾ ಒಣಗ್ತಾ ಅದೇ ಬಿಗಿ ಹಿಡಿಯುತ್ತೆ. ಒಣಗಿದ ಮೇಲೆ ಹೆಣೆದ ಕುರ್ಚಿ ಇದೆ ನೋಡಿ, ಎರಡು ವರ್ಷಕ್ಕೆ ಜೋಲಿ. ಇದೂ ಹಾಗೇ ಅಂತ ನನಗೆ ಕಾಣುತ್ತೆ. ಹಸಿ ಇರುವಾಗ ಎಷ್ಟು ಮಾತು ಕೇಳುತ್ತೆ, ನೋಡಿ."

ದೊಡ್ಡಳಿಯನ ಉಳಿ ಮರದಲ್ಲಿ ನಿಂತಿತು. ಇದು ಬೆತ್ತವಲ್ಲಪ್ಪ. ಇಷ್ಟೇ ಹೇಳಬೇಕಾಗಿದ್ದದ್ದು. ಬೆತ್ತ ಹೆಣಿಗೆ, ಎಳೆ ಎಳೆಯನ್ನು ಎಳೆದು ಹಿಡಿದಿರುತ್ತದೆ, ಕುಗ್ಗಿದರೆ ಬಿಗಿ. ಇಲ್ಲಿ ಅಂಚಿಗೆ ಅಂಚು, ಕುಗ್ಗಿದರೆ ಬಿರುಕು. ಉಸಿರು ಎಳೆದುಕೊಂಡ. ಆದರೆ ಹೇಳಿದ ತಕ್ಷಣ ಅವನು ಕೇಳುತ್ತಾನೆ: ಹಾಗಾದ್ರೆ ದಾರಕ್ಕೆ ಹಾಕ್ತಿದ್ದದ್ದು ಅದಕ್ಕಾ ಅಣ್ಣ? ಜಾಗ ಇಲ್ಲ ಅಂದ್ರಲ್ಲ? ಹೇಗೂ ಜೋರಾಗಿ ಮಾತಾಡುವವನು, ಆ ಮಾತು ಮುಂದಿನ ಕೋಣೆಗೂ ಕೇಳಿಸುತ್ತದೆ.

"ಹೂಂ," ಎಂದ ದೊಡ್ಡಳಿಯ.

"ಬನ್ನಿ, ಸ್ವಲ್ಪ ಬೆಳಕಿಗೆ ಹಿಡಿದು ನೋಡಿ ಹೇಳಿ. ನಿಮ್ಮ ಕಣ್ಣು ಚೂಪು."

ಇಬ್ಬರೂ ಕಿಟಕಿಯ ಬಳಿ ನಿಂತರು. ನಾಲ್ಕನೆಯ ಪಕ್ಕೆಗೆ ಐದನೆಯದನ್ನು ಒತ್ತಿ ಹಿಡಿದಾಗ ನಡುವೆ ಬೆಳಕಿನ ಗೆರೆ ಎಲ್ಲೂ ಇರಲಿಲ್ಲ. ನೀರಿನ ಮೇಲೆ ನೀರು ಸುರಿದ ಹಾಗೆ ಸೇರಿತ್ತು. ತಾನೆಂದೂ ಇಷ್ಟು ಬಿಗಿಯಾಗಿ ಕೂರಿಸಿಲ್ಲ ಎಂದು ದೊಡ್ಡಳಿಯನಿಗೆ ಅನಿಸಿತು. ಕೂರಿಸಲು ಸಾಧ್ಯವೂ ಇರಲಿಲ್ಲ, ಒಣಮರ ಇಷ್ಟು ಬಗ್ಗಿಕೊಡುವುದಿಲ್ಲ. ಇದು ನೀರಿನ ಚಮತ್ಕಾರ ಎಂದು ಗೊತ್ತಿದ್ದೂ ಇನ್ನೊಮ್ಮೆ ಬೆಳಕಿಗೆ ಹಿಡಿದು ನೋಡಿದ.

"ಬೆಳಕು ಬರ್ತಿಲ್ಲ," ಎಂದ. ಅದು ನಿಜವೇ ಆಗಿತ್ತು.

ಮಾವ ಅಂಟಿನ ಪಾತ್ರೆ ಹಿಡಿದು ಬಂದರು. ಕಾದ ಪಾತ್ರೆ ಹಿಡಿದು ಹಿಡಿದು ಅವರ ಬೆರಳ ತುದಿಗಳು ಮರಗಟ್ಟಿದ್ದವು. ಮುಟ್ಟಿ ನೋಡುವುದಕ್ಕೆ ಹೆಬ್ಬೆರಳ ಉಗುರನ್ನೇ ಬಳಸುತ್ತಿದ್ದರು. ಆಗಲೇ ಅಂಟಿಸಿದ್ದ ಜೋಡಣೆಯ ಮೇಲೆ ಉಗುರನ್ನು ಎಳೆದರು, ಒಂದು ತುದಿಯಿಂದ ಇನ್ನೊಂದಕ್ಕೆ. ಉಗುರು ಎಲ್ಲೂ ತಡೆಯಲಿಲ್ಲ. ಇನ್ನೊಮ್ಮೆ ಎಳೆದರು.

"ನಮ್ಮಪ್ಪ ಇದ್ದಿದ್ರೆ ನೋಡಿ ಸಂತೋಷಪಡ್ತಿದ್ರು ಕಣೋ," ಎಂದರು.

ಬೆತ್ತದವನಿಗೆ ಅದರ ಬೆಲೆ ಗೊತ್ತಿರಲಿಲ್ಲ. "ಮೇಲಿಂದಲೇ ನೋಡ್ತಿರ್ತಾರೆ ಬಿಡಿ ಮಾವ, ಕನ್ನಡಕ ಬೇಕಾಗಲ್ಲ ಅಲ್ಲಿ," ಎಂದು ನಗೆ ಹಾರಿಸಿದ. ಮಾವ ನಕ್ಕರು. ಹೋಗಿ ಪಾತ್ರೆಯನ್ನು ಮತ್ತೆ ಒಲೆಯ ಮೇಲಿಟ್ಟು ನಗುತ್ತಲೇ ನಿಂತವರು, "ಅಯ್ಯೋ, ಕುದಿ ಬಂತಲ್ಲೋ," ಎಂದು ಬಟ್ಟೆ ಹಿಡಿದು ಪಾತ್ರೆ ಇಳಿಸಿದರು. ಅಂಟು ಕಾಯಬೇಕು, ಕುದಿಯಬಾರದು. ಕುದಿದರೆ ಬಲ ಕಳೆಯುತ್ತದೆ. ಒಂದೇ ಒಂದು ಗುಳ್ಳೆ ಎದ್ದಿತ್ತು, ದೊಡ್ಡಳಿಯ ಬಾಗಿಲಿನಿಂದ ನೋಡಿದ. ಅದರಿಂದ ಏನೂ ಆಗುವುದಿಲ್ಲ ಎಂದು ಅವನಿಗೂ ಗೊತ್ತು, ಅವರಿಗೂ ಗೊತ್ತು. ಉಳಿದ ಪಕ್ಕೆಗಳನ್ನು ಕೂರಿಸಿದ್ದೂ ಅದೇ ಪಾತ್ರೆಯ ಅಂಟಿನಿಂದ, ಸಂಜೆ ಅವನು ಕತ್ತಿನ ತುಂಡುಗಳನ್ನು ಕೂಡಿಸಲು ಬಳಸಿದ್ದೂ ಅದನ್ನೇ.

ವಾದ್ಯ ಮುಗಿಯಲು ಇನ್ನೂ ಐದು ವಾರ ಹಿಡಿಯಿತು. ಅಷ್ಟರಲ್ಲಿ ಹೇಳುವುದಕ್ಕೆ ಎಷ್ಟು ದಿನಗಳಿದ್ದವು ಎಂದು ಆಮೇಲೆ ಅವನು ಬೇಕಾದಷ್ಟು ಸಲ ಲೆಕ್ಕ ಹಾಕಿದ. ಅಚ್ಚಿನಿಂದ ಹೊಟ್ಟೆ ಬಿಡಿಸಿದ ದಿನ ಹೇಳಬಹುದಿತ್ತು, ಒಳಗಿನಿಂದ ಜೋಡಣೆಗಳಿಗೆ ಕಾಗದದ ಪಟ್ಟಿ ಅಂಟಿಸುವ ದಿನ ಹೇಳಬಹುದಿತ್ತು, ಮೇಲ್ಹಲಗೆ ಮುಚ್ಚುವ ಮುಂಚೆಯಾದರೂ ಹೇಳಬಹುದಿತ್ತು. ಪ್ರತಿ ಸಲವೂ ಇನ್ನಷ್ಟು ತಡವಾಗಿತ್ತು, ತಡವಾದಷ್ಟೂ 'ಇಷ್ಟು ದಿನ ಯಾಕೆ ಸುಮ್ಮನಿದ್ದೆ' ಎಂಬ ಪ್ರಶ್ನೆ ದಪ್ಪವಾಗುತ್ತಿತ್ತು. ಕೆಲವು ದಿನ, ಏನೂ ಆಗಲಿಕ್ಕಿಲ್ಲ, ತನ್ನ ತುಟಿಯೇ ತಪ್ಪಿರಬೇಕು ಎಂದು ಹಗುರಾಗುತ್ತಿದ್ದ. ಹಗುರಾದ ಬೆನ್ನಿಗೇ ಇನ್ನೊಂದು ಯೋಚನೆ: ಏನೂ ಆಗದಿದ್ದರೆ ಅಂಗಡಿ ಅವನದೇ.

ವಾದಕಿ ಬಂದು ಮುಂದಿನ ಕೋಣೆಯಲ್ಲಿ ಕೂತು ನುಡಿಸಿದರು. ಮಹಡಿಯಿಂದ ಅಕ್ಕತಂಗಿಯರಿಬ್ಬರೂ ಇಳಿದು ಬಂದು ಬಾಗಿಲಲ್ಲಿ ನಿಂತರು. ದನಿ ಎಷ್ಟು ತುಂಬಿತ್ತೆಂದರೆ ಗೂಡಿನಲ್ಲಿ ಕಟ್ಟಿಟ್ಟ ಪಟ್ಟಿಗಳು ಸಣ್ಣಗೆ ಮಿಡಿದವು. ಮಾವ ಕಣ್ಣು ಮುಚ್ಚಿದ್ದರು. ಅವರ ಕೈ ಬೆತ್ತದವನ ಭುಜದ ಮೇಲಿತ್ತು. ಬಹುಶಃ ಆಧಾರಕ್ಕೆ ಹಿಡಿದದ್ದು, ಆದರೂ ದೊಡ್ಡಳಿಯ ಸಂಗೀತ ಮುಗಿಯುವವರೆಗೂ ಆ ಕೈಯನ್ನೇ ನೋಡುತ್ತಿದ್ದ.

ಆಮೇಲೆ ಒಣಗಾಳಿ ಶುರುವಾಯಿತು. ಬಾಗಿಲುಗಳು ಸಡಿಲವಾದವು, ಮೇಜಿನ ಸೆಳೆಗೂಡು ಎಳೆದರೆ ತಾನಾಗಿ ಜಾರಿ ಬರುತ್ತಿತ್ತು. ಬೆಳಗ್ಗೆ ಎದ್ದ ಕೂಡಲೆ ಒಡೆದ ತುಟಿಯನ್ನು ಸವರಿಕೊಂಡು ಅವನು ಎಲ್ಲೋ ಒಂದು ಮನೆಯ ಗೋಡೆಗೆ ತೂಗುಹಾಕಿದ ಆ ವಾದ್ಯವನ್ನು ನೆನೆಯುತ್ತಿದ್ದ. ಜೋಡಣೆ ಬಿಟ್ಟಿರಲಿ ಎಂದುಕೊಳ್ಳುತ್ತಿದ್ದನೋ, ಬಿಡದಿರಲಿ ಎಂದುಕೊಳ್ಳುತ್ತಿದ್ದನೋ, ಅವನಿಗೇ ಸರಿಯಾಗಿ ತಿಳಿಯುತ್ತಿರಲಿಲ್ಲ.

ಎರಡೂವರೆ ತಿಂಗಳಿಗೆ ವಾದಕಿ ಹಿಂದಿರುಗಿದರು. ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಕೆಮ್ಮಿ, "ಕೆಳಗಿನ ತಂತಿ ಮೀಟಿದರೆ ಒಳಗೆ ಯಾವುದೋ ದುಂಬಿ ಸೇರಿಕೊಂಡ ಹಾಗೆ ಗುಂಯ್ ಅನ್ನುತ್ತೆ. ಬಯ್ಯೋಕೆ ಬಂದಿಲ್ಲ, ತೋರಿಸೋಕೆ ಬಂದೆ," ಎಂದರು.

ಬೆತ್ತದವನು ವಾದ್ಯವನ್ನು ಕಿಟಕಿಗೆ ಹಿಡಿದು, ಮೇಲ್ಹಲಗೆಯ ನಡುವಿನ ಜಾಲರಿಗೆ ಕಣ್ಣಿಟ್ಟು ಒಳಗೆ ನೋಡಿದ. ನೋಡುತ್ತಲೇ ಇದ್ದ. ಆಮೇಲೆ ದೊಡ್ಡಳಿಯನಿಗೆ ದಾಟಿಸಿದ. ಒಳಗಿನ ಕತ್ತಲಲ್ಲಿ ಆರು ಬೆಳಕಿನ ಗೆರೆಗಳು. ನಡುವೆ ಅಗಲಕ್ಕೆ, ತುದಿಯಲ್ಲಿ ಸೂಜಿಯಷ್ಟು. ಕಾಗದದ ಪಟ್ಟಿಗಳು ಉದ್ದಕ್ಕೆ ಹರಿದಿದ್ದವು.

ತಾನು ಹಾರೈಸಿದ್ದು ಇದನ್ನೇ ಎಂದು ಆಗ ಅವನಿಗೆ ಸ್ಪಷ್ಟವಾಗಿ ತಿಳಿಯಿತು. ಆದರೆ ಬಂದದ್ದು ಸಂತೋಷವಲ್ಲ. ಮೆಟ್ಟಿಲು ಇದೆಯೆಂದು ಕಾಲಿಟ್ಟಾಗ ಮೆಟ್ಟಿಲಿಲ್ಲದಿದ್ದರೆ ಆಗುವಂಥದ್ದೇನೋ.

"ನನ್ನ ಕೈಯಿಂದ ಆಯ್ತು ಮಾವ," ಎಂದ ಬೆತ್ತದವನು. "ನಾನು ಕುರ್ಚಿಗೇ ಸರಿ. ಸುಮ್ಮನೆ ನನ್ನನ್ನ ನಂಬಿದ್ರಿ."

ಮಾವ ಉಗುರಿನಿಂದ ಬೆನ್ನನ್ನು ಸವರಿದರು. ಉಗುರು ಆರು ಕಡೆ ತಡೆಯಿತು. ಪ್ರತಿ ತಡೆಗೂ ಅವರ ತಲೆ ಒಂದಿಷ್ಟು ತಗ್ಗಿತು.

"ನಿನ್ನ ಪಕ್ಕೆ ಎಲ್ಲಿ ಬಿಟ್ಟಿದೆ? ಒಂದೂ ಸೀಳಿಲ್ಲ, ಒಂದೂ ತಿರುಚಿಲ್ಲ. ಬಿಟ್ಟಿರೋದು ಜೋಡಣೆ. ಜೋಡಣೆ ಅಂದ್ರೆ ಅಂಟು," ಎಂದರು. "ಅವತ್ತು ಕುದಿ ಬಂದಿತ್ತು. ನಾನು ನಗ್ತಾ ನಿಂತಿದ್ದೆ."

ದೊಡ್ಡಳಿಯನ ಕೈ ಅಲ್ಲೇ, ವಾದ್ಯದ ಕತ್ತಿನ ಮೇಲಿತ್ತು. ಅದೇ ಅಂಟು, ಅದೇ ಸಂಜೆ. ಕತ್ತು ಕಲ್ಲಿನ ಹಾಗೆ ನಿಂತಿತ್ತು. ಅದನ್ನು ಅಲುಗಿಸಿ ನೋಡಬೇಕೆಂದು ಅಲ್ಲಿದ್ದ ಯಾರಿಗೂ ಹೊಳೆಯಲಿಲ್ಲ. ಅವನು ಮೆಲ್ಲಗೆ ಕೈ ತೆಗೆದ.

ಸಂಜೆ ಹಿತ್ತಲಲ್ಲಿ ಬೆತ್ತದವನು ಅವನನ್ನು ಹಿಡಿದು ನಿಲ್ಲಿಸಿದ. "ಅಣ್ಣ, ನಿಜ ಹೇಳಿ. ನಿಮಗೆ ಗೊತ್ತಿರುತ್ತೆ. ನಂದೇ ತಪ್ಪಲ್ವಾ?"

"ಮಾವ ಹೇಳಿದ್ರಲ್ಲ."

"ಅವರು ನನ್ನನ್ನ ಕಾಪಾಡೋಕೆ ಹೇಳಿದ್ದು."

ಆ ಮಾತು ದೊಡ್ಡಳಿಯನ ಒಳಗೆ ಹೊಸದೊಂದು ಕಿಚ್ಚು ಹೊತ್ತಿಸಿತು. ಹೌದೇ? ಎಲ್ಲ ತಿಳಿದೂ ಮುದುಕರು ಬೇಕೆಂದೇ ತಪ್ಪನ್ನು ತಮ್ಮ ಮೇಲೆಳೆದುಕೊಂಡರೇ, ಇವನಿಗಾಗಿ? ತನ್ನ ಮುರಿದ ನಲವತ್ತು ಪಕ್ಕೆಗಳನ್ನು ಅವರು ಒಂದು ವರ್ಷ ಗೋಡೆಗೆ ಮೊಳೆ ಹೊಡೆದು ಇಟ್ಟಿದ್ದರು, ಬಂದವರೆಲ್ಲ ನೋಡಲಿ ಎಂದು. ತಪ್ಪು ಮಾಡಿದವನಿಗೂ ಇಷ್ಟು ಪ್ರೀತಿಯಾದರೆ, ಮಾಡದವನಿಗೆ ಏನು ಉಳಿಯಿತು? ಎರಡು ದಿನ ಅವನು ಮಾವನ ಮುಖ ನೋಡಲಿಲ್ಲ. ಹೇಳಬೇಕೆಂದು ಕಟ್ಟಿಕೊಂಡಿದ್ದ ಮಾತೂ ಆ ಎರಡು ದಿನದಲ್ಲಿ ಹುಳಿಯಾಯಿತು.

ಮೂರನೆಯ ದಿನ ಮಧ್ಯಾಹ್ನ ಮುಂದಿನ ಕೋಣೆಯಿಂದ ಟಪ್ ಎಂಬ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಮತ್ತೆ ಟಪ್. ಅವನು ಹೋಗಿ ನೋಡಿದ. ಮಾವ ಒಲೆಯ ಪಕ್ಕ ಮಣೆಯ ಮೇಲೆ ಕೂತಿದ್ದರು. ಹಿಂದಿನ ದಿನ ಅಂಚಿಗೆ ಅಂಚು ಅಂಟಿಸಿಟ್ಟಿದ್ದ ಚೂರು ಪಟ್ಟಿಗಳನ್ನು ಒಂದೊಂದಾಗಿ ಮೊಣಕಾಲಿನ ಮೇಲಿಟ್ಟು ಮುರಿಯುತ್ತಿದ್ದರು. ಪಾದದ ಸುತ್ತ ಹತ್ತಿಪ್ಪತ್ತು ತುಂಡುಗಳು ಬಿದ್ದಿದ್ದವು.

"ಬಂದ್ಯಾ? ಬಾ ಇಲ್ಲಿ," ಎಂದರು. "ಅದೇ ಅಂಟು, ಆ ದಿನದ್ದು. ತಳದಲ್ಲಿ ಗಟ್ಟಿಯಾಗಿ ಉಳಿದಿತ್ತು, ಮತ್ತೆ ಕರಗಿಸಿದೆ."

"ಯಾಕೆ ಮಾವ ಇದೆಲ್ಲ."

"ಮೊನ್ನೆಯಿಂದ ಕೂತು ಯೋಚನೆ ಮಾಡಿದೆ ಕಣೋ. ಜೋಡಣೆ ಬಿಡೋಕೆ ಎರಡೇ ಕಾರಣ. ಒಂದು, ಪಕ್ಕೆ ಹಸಿ ಇರಬೇಕು. ಅದಂತೂ ಅಲ್ಲ. ನೀನು ಅದೇ ಕೋಣೆಯಲ್ಲಿದ್ದೆ. ಹಸಿ ಪಕ್ಕೆ ಕೂರಿಸೋಕೆ ನೀನು ಬಿಡೋನಲ್ಲ. ಅಷ್ಟು ಗೊತ್ತಿದ್ದೇ ನಾನು ಹೊಟ್ಟೆಯನ್ನ ಆ ಹುಡುಗಾಟದವನ ಕೈಗೆ ಕೊಟ್ಟದ್ದು. ಅವನ ಹೆಬ್ಬೆರಳು, ನಿನ್ನ ಕಣ್ಣು. ಎರಡೂ ಸೇರಿದ್ರೆ ಅಂಗಡಿ ನಡೆಯುತ್ತೆ ಅಂತ." ಒಂದು ತುಂಡನ್ನು ಕೈಯಲ್ಲಿ ತಿರುಗಿಸಿದರು. "ಹಾಗಾಗಿ ಉಳಿಯೋದು ಅಂಟೇ."

ದೊಡ್ಡಳಿಯ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ.

"ತಗೋ, ನೋಡಿ ಹೇಳು. ನನ್ನ ಕಣ್ಣಿಗೆ ಕಾಣಲ್ಲ, ಬೆರಳಿಗೆ ಎಲ್ಲಾ ಒಂದೇ. ಬಿಟ್ಟಿರೋದು ಜೋಡಣೆಯಾ, ಇಲ್ಲ ಪಕ್ಕದಲ್ಲಿ ಮರ ಮುರಿದಿದೆಯಾ?"

ಅವನು ತುಂಡನ್ನು ಕಿಟಕಿಯ ಬೆಳಕಿಗೆ ತಂದ. ಮುರಿತ ಜೋಡಣೆಗೆ ಕೂದಲೆಳೆಯಷ್ಟು ಪಕ್ಕದಲ್ಲಿ ಹಾದುಹೋಗಿತ್ತು. ಮರದ ನಾರು ಸಿಬಿರು ಸಿಬಿರಾಗಿ ಎದ್ದಿತ್ತು. ಅದರ ಪಕ್ಕದಲ್ಲೇ ಅಂಟಿನ ಸಣ್ಣ ಕಂದು ಗೆರೆ, ಎರಡು ಮರಗಳ ನಡುವೆ, ಇಡಿಯಾಗಿ. ನೆಲದ ಮೇಲಿದ್ದ ಇನ್ನೊಂದನ್ನು ಎತ್ತಿಕೊಂಡ. ಅದೂ ಹಾಗೇ. ಇನ್ನೊಂದು. ಎಲ್ಲವೂ ಹಾಗೇ.

ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು. ಮಹಡಿಯ ಮೇಲೆ ಅಕ್ಕತಂಗಿಯರು ಯಾವುದಕ್ಕೋ ಕಿಸಕ್ಕನೆ ನಕ್ಕರು. ಮಾವ ಮುಖವೆತ್ತಿ, ಅವನು ನಿಂತಿರಬಹುದಾದ ದಿಕ್ಕಿಗೆ ನೋಡುತ್ತ ಕಾಯುತ್ತಿದ್ದರು. ಅವನು ಬಾಯಿ ತೆರೆದ. ಮುರಿದದ್ದು ಮರ ಎಂದರೆ, ಅಂಟು ಸರಿಯಿದೆ ಎಂದಾಯಿತು. ಅಂಟು ಸರಿಯಿದ್ದರೆ, ಪಕ್ಕೆ ಹಸಿ. ಪಕ್ಕೆ ಹಸಿ ಎಂದರೆ, ನೀನು ಅಲ್ಲೇ ಇದ್ದೆಯಲ್ಲ. ಅವನು ಬಾಯಿ ಮುಚ್ಚಿದ.

"ಸರಿ ಬಿಡು," ಎಂದರು ಮಾವ, ಬಹಳ ಹೊತ್ತಿನ ಮೇಲೆ. "ಗೊತ್ತಾಯ್ತು." ಮೊಣಕಾಲಿಗೆ ಕೈಯೂರಿ ಎದ್ದು, ತಡವರಿಸುತ್ತ ಬಂದು, ಅವನ ತೋಳನ್ನು ಹುಡುಕಿ ಹಿಡಿದರು. "ಸುಳ್ಳು ಹೇಳೋಕೆ ನಿನಗೆ ಬರಲ್ಲ, ನಿಜ ಹೇಳಿ ನನ್ನನ್ನ ನೋಯಿಸೋಕೂ ಬರಲ್ಲ. ಮೊದಲಿಂದಲೂ ಹೀಗೇ ನೀನು. ಒಳ್ಳೆಯವನು ಕಣೋ. ನಾನು ಬಾಯಿಬಿಟ್ಟು ಹೇಳ್ಲಿಲ್ಲ, ಅಷ್ಟೇ."

ಮಾತಿಗೆ ಕಾಯದೆ ಒಲೆಯ ಮೇಲಿದ್ದ ಪಾತ್ರೆಯನ್ನು ಎತ್ತಿ ಅವನ ಕೈಗಿತ್ತರು. ಇನ್ನೂ ಬೆಚ್ಚಗಿತ್ತು. ಇನ್ನು ಮುಂದೆ ಅಂಟೂ ನಿನ್ನದು, ಅಂಗಡಿಯೂ ನಿನ್ನದು, ನಾನು ಕೈ ಹಾಕಲ್ಲ ಎಂದರು. ಹೇಳಿದಂತೆಯೇ ನಡೆದುಕೊಂಡರು. ಆಮೇಲೆ ಬದುಕಿದ್ದ ನಾಲ್ಕು ವರ್ಷವೂ ಬೀದಿ ಬಾಗಿಲ ಪಕ್ಕದ ಬೆಂಚಿನಲ್ಲಿ ಕೂತು, ಬಂದವರಿಗೆಲ್ಲ, ನನ್ನ ಅಂಟು ಒಂದು ಒಳ್ಳೆಯ ವಾದ್ಯವನ್ನ ಕೆಡಿಸಿತು, ಅದಕ್ಕೇ ಬಿಟ್ಟುಬಿಟ್ಟೆ ಎಂದು ನಿಧಾನವಾಗಿ ಹೇಳುತ್ತಿದ್ದರು. ದೊಡ್ಡಳಿಯ ಒಳಗಿನ ಕೋಣೆಯಲ್ಲಿ ನಡುಪಕ್ಕೆ ಬಾಗಿಸುತ್ತ ಆ ಮಾತನ್ನು ಕೇಳಿಸಿಕೊಳ್ಳುತ್ತಿದ್ದ.

ಅಂಟು ಹಿಡಿದಿತ್ತು, ಮುರಿದದ್ದು ಮರ. ಇದನ್ನು ಅವನು ಮಾವನಿಗೆ ಹೇಳಲಿಲ್ಲ.